ಹಲ್ಲು ಅಲ್ಲಾಡಿದರೆ ಟ್ರಂಪೆಟ್ಟಿನ ಸ್ವರವೂ ಅಲ್ಲಾಡುತ್ತದೆ

ಮಂಡ್ಯ ತಾಲ್ಲೂಕಿನ ಕೆರಗೋಡು ಹೋಬಳಿಯ ಯಾವುದಾದರೂ ಊರಿನ ಮದುವೆಯ ಮೆರವಣಿಗೆಯನ್ನು ನೆನಪಿಸಿಕೊಳ್ಳಿ. ಮುಂದೆ ಬ್ಯಾಂಡ್ ಸೆಟ್, ಹಿಂದೆ ಗಂಡು ಹೆಣ್ಣು, ಸುತ್ತ ಕುಣಿಯುವ ಹುಡುಗರು. ಟ್ರಂಪೆಟ್ ಊದುವವರ ಕೆನ್ನೆ ಕೆಂಪಾಗಿದೆ, ಹಣೆಯಲ್ಲಿ ಬೆವರಿದೆ. ಹಾಡು ಮೇಲಕ್ಕೇರುವ ಹೊತ್ತಿಗೆ ಸರಿಯಾಗಿ ಸ್ವರ ಕೈಕೊಡುತ್ತದೆ. ‘ಯಾಕಣ್ಣ, ಉಸಿರು ಸಾಲ್ತಿಲ್ವಾ?’ ಎಂದು ಡ್ರಮ್ಮಿನವರು ಕೇಳುತ್ತಾರೆ. ಅವರಿಗೆ ಉಸಿರಿನ ತೊಂದರೆಯೇನೂ ಇಲ್ಲ. ಮೇಲಿನ ಸಾಲಿನ ಒಂದು ಮುಂದಿನ ಹಲ್ಲು ಆರು ತಿಂಗಳಿಂದ ಅಲ್ಲಾಡುತ್ತಿದೆ. ಅದನ್ನು ಅವರು ಯಾರಿಗೂ ಹೇಳಿಲ್ಲ. ಹೇಳಿದರೆ ಡಾಕ್ಟರು ಕೀಳುತ್ತಾರೆ, ಕಿತ್ತರೆ ಊದುವುದು ನಿಲ್ಲುತ್ತದೆ, ನಿಂತರೆ ಮನೆ ನಡೆಯುವುದು ಹೇಗೆ ಎಂಬ ಭಯ.

ಇದು ಊಹೆಯ ಚಿತ್ರವಾದರೂ ಈ ಭಯ ಊದುವಾದ್ಯದವರಲ್ಲಿ ಅಪರೂಪವಲ್ಲ. ನಮಗೆಲ್ಲ ಹಲ್ಲು ಊಟಕ್ಕೆ, ಮಾತಿಗೆ, ನಗುವಿಗೆ ಬೇಕು. ಊದುವ ಕಲಾವಿದರಿಗೆ ಅದು ಕಸುಬಿನ ಉಪಕರಣ. ನೇಗಿಲು ಮುರಿದ ರೈತನಂತೆ, ಮುಂದಿನ ಹಲ್ಲು ಹೋದ ಟ್ರಂಪೆಟ್ ವಾದಕರೂ ಕೈಕಟ್ಟಿ ಕೂರಬೇಕಾಗುತ್ತದೆ. ಆದರೆ ಸಕಾಲದಲ್ಲಿ ಚಿಕಿತ್ಸೆ ಪಡೆದು, ವಾದ್ಯದ ಮೌತ್‌ಪೀಸನ್ನು ವಿವೇಚನೆಯಿಂದ ಆರಿಸಿಕೊಂಡರೆ ಹೆಚ್ಚಿನವರು ಮತ್ತೆ ಊದಬಲ್ಲರು.

ತುಟಿಯ ಹಿಂದಿನ ಗೋಡೆ

ಟ್ರಂಪೆಟ್ಟಿನಲ್ಲಿ ನಾದ ಹುಟ್ಟುವುದು ಹಿತ್ತಾಳೆಯ ಕೊಳವೆಯಲ್ಲಲ್ಲ, ಊದುವವರ ತುಟಿಯಲ್ಲಿ. ಮುಚ್ಚಿದ ತುಟಿಗಳ ನಡುವೆ ಗಾಳಿ ನುಗ್ಗಿದಾಗ ಅವು ಕಂಪಿಸುತ್ತವೆ. ಆ ಕಂಪನವನ್ನು ಕೊಳವೆ ಹಿಗ್ಗಿಸಿ ನಾದವಾಗಿಸುತ್ತದೆ. ತುಟಿ ಮತ್ತು ಕೊಳವೆಯ ನಡುವೆ ಇರುವ ಪುಟ್ಟ ಬಟ್ಟಲಿನಂಥ ಭಾಗವೇ ಮೌತ್‌ಪೀಸ್. ಅದರ ಅಂಚು ತುಟಿಯ ಮೇಲೆ ಕೂರುತ್ತದೆ. ತುಟಿಯ ಹಿಂದೆ ಗೋಡೆಯಂತೆ ನಿಂತಿರುವವು ಬಾಚಿಹಲ್ಲುಗಳು. ಗೋಡೆ ವಾಲಿದರೆ ತುಟಿಯ ಹಿಡಿತವೂ ವಾಲುತ್ತದೆ.

ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಸಾಮಾನ್ಯ ಟ್ರಂಪೆಟ್ ಮೌತ್‌ಪೀಸಿನ ಬಟ್ಟಲಿನ ಒಳ ಅಗಲ ಸುಮಾರು 16 ಮಿಲಿಮೀಟರ್. ಹೊರ ಅಂಚಿನಿಂದ ಹೊರ ಅಂಚಿಗೆ ಸುಮಾರು 27 ಮಿಲಿಮೀಟರ್. ಮೇಲಿನ ಎರಡು ನಡು ಬಾಚಿಹಲ್ಲುಗಳ ಒಟ್ಟು ಅಗಲ ಹೆಚ್ಚುಕಡಿಮೆ 17 ಮಿಲಿಮೀಟರ್. ಅಂದರೆ ಮೌತ್‌ಪೀಸನ್ನು ನಡುವೆ ಇಟ್ಟಾಗ ಬಟ್ಟಲಿನ ಬಾಯಿ ನಡುವಿನ ಎರಡು ಹಲ್ಲುಗಳ ಎದುರಿಗೆ ಬರುತ್ತದೆ. ಎಡಬಲದ ಅಂಚು ಪಕ್ಕದ ಬಾಚಿಹಲ್ಲುಗಳ ಮೇಲೆ ಒತ್ತುತ್ತದೆ. ಮೇಲಂಚು ಹಲ್ಲಿನ ಬುಡದ ಕಡೆಗೆ, ವಸಡಿನ ಹತ್ತಿರ ಕೂರುತ್ತದೆ. ಆದ್ದರಿಂದ ಯಾವ ಹಲ್ಲಿಗೆ ತೊಂದರೆ ಎಂಬುದರ ಮೇಲೆ ಎಲ್ಲಿ ನೋವು, ಎಲ್ಲಿ ಗಾಳಿ ಸೋರಿಕೆ ಎಂಬುದು ನಿರ್ಧಾರವಾಗುತ್ತದೆ.

ಎಲ್ಲ ಊದುವಾದ್ಯಗಳ ಕಥೆಯೂ ಒಂದೇ ಅಲ್ಲ. ಕ್ಲಾರಿನೆಟ್ ನುಡಿಸುವವರು ಸಾಮಾನ್ಯವಾಗಿ ಮೇಲಿನ ಹಲ್ಲನ್ನು ನೇರವಾಗಿ ಮೌತ್‌ಪೀಸಿನ ಮೇಲೆಯೇ ಊರುತ್ತಾರೆ. ಕೆಳತುಟಿ ಕೆಳಹಲ್ಲಿನ ಮೇಲೆ ಮೆತ್ತೆಯಾಗುತ್ತದೆ. ನಾಗಸ್ವರದ ವಾಲಗದವರಿಗೆ ಪೀಪಿ ಎರಡು ತುಟಿಗಳ ನಡುವೆ ಇರುತ್ತದೆ. ಹೊರಗಿನಿಂದ ಹಲ್ಲಿನ ಮೇಲೆ ಒತ್ತಡ ಕಡಿಮೆ. ಆದರೆ ತುಟಿಗೆ ಆಸರೆ ಬೇಕೆಂಬುದು ಅಲ್ಲಿಯೂ ನಿಜ.

ಹಲ್ಲು ಕೆಡುವುದು ಹೇಗೆ?

ನಮ್ಮದು ಕಬ್ಬಿನ ಸೀಮೆ. ಕಬ್ಬಿನ ಜಲ್ಲೆಯನ್ನು ಹಲ್ಲಿನಲ್ಲೇ ಸಿಗಿಯುವುದು, ಸೋಡಾ ಬಾಟಲಿಯ ಮುಚ್ಚಳವನ್ನು ಹಲ್ಲಿನಲ್ಲೇ ಕಚ್ಚಿ ತೆಗೆಯುವುದು ಹಲವರಿಗೆ ಪೌರುಷದ ಮಾತು. ಊದುವವರಿಗೆ ಇದು ಸಲ್ಲದು. ಬಾಚಿಹಲ್ಲಿನ ಮೂಲೆ ಒಂದಿಷ್ಟು ಚಕ್ಕೆ ಎದ್ದರೂ ಆ ಚೂಪು ತುಟಿಯ ಒಳಭಾಗವನ್ನು ಕೊಯ್ಯುತ್ತಲೇ ಇರುತ್ತದೆ. ಅಂಟುವ ಸಿಹಿ ತಿಂದು ಬಾಯಿ ಮುಕ್ಕಳಿಸದಿದ್ದರೆ ದಂತಕ್ಷಯ.

ಇದಕ್ಕಿಂತ ದೊಡ್ಡ ಶತ್ರು ವಸಡಿನ ರೋಗ. ಹಲ್ಲಿಗೆ ಗಾರೆ ಕಟ್ಟಿ, ವಸಡು ಊದಿಕೊಂಡು, ಉಜ್ಜುವಾಗ ರಕ್ತ ಬರುವುದು ಮೊದಲ ಹಂತ. ಅಸಡ್ಡೆ ಮಾಡಿದರೆ ಹಲ್ಲು ಹಿಡಿದಿರುವ ಮೂಳೆಯೇ ಕರಗಿ ಹಲ್ಲು ಸಡಿಲವಾಗುತ್ತದೆ. ಹೊಗೆಸೊಪ್ಪು, ಬೀಡಿ, ಸಿಗರೇಟು ಇದನ್ನು ಹೆಚ್ಚಿಸುತ್ತವೆ. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಿಗೆ ಅಪಾಯ ಇನ್ನೂ ಜಾಸ್ತಿ. ಇಂಥ ಸಡಿಲ ಹಲ್ಲಿನ ಮೇಲೆ ಗಂಟೆಗಟ್ಟಲೆ ಮೌತ್‌ಪೀಸ್ ಒತ್ತುವುದು ಸಡಿಲವಾದ ಗೂಟಕ್ಕೆ ಎತ್ತು ಕಟ್ಟಿದಂತೆ.

ರಾತ್ರಿಯ ಮೆರವಣಿಗೆಯಲ್ಲಿ ನಿದ್ದೆ ತಡೆಯಲು ಅಡಿಕೆ, ಗುಟ್ಕಾ ಹಾಕುವವರು ಇನ್ನೊಂದು ವಿಷಯ ಅರಿಯಬೇಕು. ಅಡಿಕೆಯ ನಿರಂತರ ಬಳಕೆಯಿಂದ ಕೆನ್ನೆಯ ಒಳಪದರ ನಾರುಗಟ್ಟಿ ಬಿಗಿಯಾಗುವ ಕಾಯಿಲೆ ಬರುತ್ತದೆ. ಖಾರ ತಾಗಿದರೆ ಉರಿ, ಕ್ರಮೇಣ ಬಾಯಿ ತೆರೆಯುವುದೇ ಕಷ್ಟ. ಕೆನ್ನೆ, ತುಟಿ ಸೆಡೆತ ಮೇಲೆ ಊದುವುದಂತೂ ದೂರವೇ ಉಳಿಯಿತು. ಇದು ಮುಂದೆ ಕ್ಯಾನ್ಸರಿಗೆ ತಿರುಗುವ ಅಪಾಯವೂ ಇದೆ.

ಮೊದಲು ಚಿಕಿತ್ಸೆ, ಆಮೇಲೆ ಮೌತ್‌ಪೀಸ್

ಹಲ್ಲು ನೋಯುವಾಗ ಹೊಸ ಮೌತ್‌ಪೀಸ್ ಕೊಂಡು ನೋವು ತಪ್ಪಿಸಿಕೊಳ್ಳುವುದು ಸಾಮಾನ್ಯವಾಗಿ ನಡೆಯುವ ತಪ್ಪು. ಚಿಕಿತ್ಸೆಯಾದ ಮೇಲೆ ಹಲ್ಲಿನ ಆಕಾರ ಬದಲಾಗುತ್ತದೆ. ಆಗ ಕೊಂಡದ್ದು ವ್ಯರ್ಥ. ಆದ್ದರಿಂದ ಮೊದಲು ದಂತವೈದ್ಯರನ್ನು ಕಾಣಿ. ‘ಡಾಕ್ಟ್ರೇ, ನಾನು ಟ್ರಂಪೆಟ್ ಊದೋನು’ ಎಂದು ಮೊದಲ ಮಾತಿನಲ್ಲೇ ಹೇಳಿ. ಸಾಧ್ಯವಾದರೆ ಮೌತ್‌ಪೀಸನ್ನು ಜೊತೆಗೆ ಒಯ್ದು, ಅದನ್ನು ಎಲ್ಲಿ ಇಡುತ್ತೀರಿ ಎಂಬುದನ್ನು ತೋರಿಸಿ. ಹಲ್ಲಿನ ಹೊರಮುಖದ ದಪ್ಪ ಕೂದಲೆಳೆಯಷ್ಟು ಬದಲಾದರೂ ನಿಮಗೆ ಗೊತ್ತಾಗುತ್ತದೆ. ಇದು ತಿಳಿದಿದ್ದರೆ ವೈದ್ಯರು ಕ್ಯಾಪ್ ಕೂರಿಸುವಾಗ ಹಳೆಯ ಆಕಾರವನ್ನೇ ಉಳಿಸಲು ಯತ್ನಿಸುತ್ತಾರೆ.

ಇಲ್ಲಿ ಒಂದು ಅಮೂಲ್ಯ ಸಲಹೆಯಿದೆ. ಹಲ್ಲು ಚೆನ್ನಾಗಿರುವಾಗಲೇ ಅದರ ಅಚ್ಚು ತೆಗೆಸಿ ಇಟ್ಟುಕೊಳ್ಳಿ. ಮುಂದೆ ಬಿದ್ದೋ, ಅಪಘಾತವಾಗಿಯೋ ಹಲ್ಲು ಹೋದರೆ ಆ ಅಚ್ಚನ್ನು ನೋಡಿ ಮೊದಲಿನಂತೆಯೇ ಹಲ್ಲು ಕಟ್ಟಬಹುದು. ಊದುವ ಕಸುಬಿನವರಿಗೆ ಇದು ವಿಮೆ ಇದ್ದಂತೆ.

ಹಲ್ಲು ಕೀಳಿಸಿದ ಮೇಲೆ ಆತುರ ಬೇಡ. ಗಾಯದಲ್ಲಿ ಕಟ್ಟಿದ ರಕ್ತದ ಹೆಪ್ಪು ಜಾರಿದರೆ ತೀವ್ರ ನೋವು ಬರುತ್ತದೆ. ಬಾಯಿಯೊಳಗಿನ ಗಾಳಿಯ ಒತ್ತಡದಿಂದ ಗಾಯದ ಮೂಲಕ ಗಾಳಿ ಚರ್ಮದ ಕೆಳಗೆ ನುಗ್ಗಿ ಕೆನ್ನೆ ಊದಿಕೊಳ್ಳಲೂಬಹುದು. ಮೇಲಿನ ದವಡೆಹಲ್ಲಿನ ಬೇರುಗಳು ಸೈನಸ್ ಎಂಬ ಗಾಳಿಕೋಣೆಗೆ ತೀರ ಸಮೀಪ. ಅಲ್ಲಿ ದಾರಿ ಬಿದ್ದಿದ್ದರೆ ಊದಿದಾಗ ಗಾಳಿ ಮೂಗಿಗೆ ಹೋಗುತ್ತದೆ. ಸಾಮಾನ್ಯವಾಗಿ ಒಂದೆರಡು ವಾರವಾದರೂ ವಿರಾಮ ಬೇಕು. ಸೈನಸ್ ತೊಂದರೆ ಇದ್ದರೆ ಇನ್ನೂ ಹೆಚ್ಚು. ಎಷ್ಟು ದಿನ ಎಂಬುದನ್ನು ಕಿತ್ತ ವೈದ್ಯರೇ ಹೇಳಬೇಕು.

ಮದುವೆಗಳಿಲ್ಲದ ಆಷಾಢ ಈ ಚಿಕಿತ್ಸೆಗೆ ಹೇಳಿ ಮಾಡಿಸಿದ ಕಾಲ. ಹಲ್ಲು ಶುಚಿ ಮಾಡಿಸುವುದು, ರೂಟ್ ಕೆನಾಲ್, ಕ್ಯಾಪ್ ಎಲ್ಲವನ್ನೂ ಆಗಲೇ ಮುಗಿಸಿದರೆ ಶ್ರಾವಣದಲ್ಲಿ ಅಭ್ಯಾಸ ಮಾಡಿ, ಗಣೇಶನ ಮೆರವಣಿಗೆಗೆ ಸಿದ್ಧರಾಗಬಹುದು. ವೀಳ್ಯ ಪಡೆದ ಮೇಲೆ, ಮದುವೆಯ ಹಿಂದಿನ ದಿನ ಹಲ್ಲು ಕೀಳಿಸುವುದು ಜಾಣತನವಲ್ಲ.

ಹೋದ ಹಲ್ಲಿನ ಜಾಗಕ್ಕೆ

ಮುಂದಿನ ಹಲ್ಲು ಹೋದರೆ ಜಾಗವನ್ನು ಬಹುಕಾಲ ಖಾಲಿ ಬಿಡಬೇಡಿ. ಅಲ್ಲಿನ ಮೂಳೆ ಕ್ರಮೇಣ ತಗ್ಗುತ್ತದೆ, ಅಕ್ಕಪಕ್ಕದ ಹಲ್ಲುಗಳು ವಾಲುತ್ತವೆ. ತೆಗೆದು ಹಾಕುವ ಹಲ್ಲು ಸೆಟ್ ಅಗ್ಗ, ಆದರೆ ಊದುವ ಒತ್ತಡಕ್ಕೆ ಕದಲಬಹುದು. ಪಕ್ಕದ ಹಲ್ಲುಗಳ ಆಧಾರದಿಂದ ಕಟ್ಟುವ ಬ್ರಿಡ್ಜ್ ಅಲುಗುವುದಿಲ್ಲ, ಆದರೆ ಅದಕ್ಕಾಗಿ ಪಕ್ಕದ ಹಲ್ಲುಗಳನ್ನು ಉಜ್ಜಬೇಕಾಗುತ್ತದೆ. ಮೂಳೆಯಲ್ಲಿ ತಿರುಪು ಕೂರಿಸಿ ಕಟ್ಟುವ ಇಂಪ್ಲಾಂಟ್ ಗಟ್ಟಿ. ಮೂಳೆ ಅದನ್ನು ಹಿಡಿದುಕೊಳ್ಳಲು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಬೇಕು, ಖರ್ಚೂ ಹೆಚ್ಚು. ಮಂಡ್ಯದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆ, ಮೈಸೂರಿನ ದಂತವೈದ್ಯ ಕಾಲೇಜುಗಳು, ಬೆಂಗಳೂರಿನ ಸರ್ಕಾರಿ ದಂತವೈದ್ಯ ಕಾಲೇಜು ಇಂಥ ಕಡೆ ವಿಚಾರಿಸಿದರೆ ಖಾಸಗಿಗಿಂತ ಕಡಿಮೆ ವೆಚ್ಚದ ದಾರಿ ಸಿಗಬಹುದು.

ಹಲ್ಲೆಲ್ಲ ಹೋದರೂ ಊದಿದವರಿದ್ದಾರೆ. ಅಮೆರಿಕದ ಹೆಸರಾಂತ ಜಾಝ್ ಟ್ರಂಪೆಟ್ ವಾದಕ ಚೆಟ್ ಬೇಕರ್ 1966ರಲ್ಲಿ ಹಲ್ಲೆಗೊಳಗಾಗಿ ಬಾಯಿಗೆ ಏಟು ತಿಂದರು. ಬಳಿಕ ಹಲ್ಲು ಕಳೆದುಕೊಂಡು ಕೃತಕ ದಂತಪಂಕ್ತಿ ಹಾಕಿಸಿಕೊಂಡು, ಊದುವುದನ್ನು ಮೊದಲಿನಿಂದ ಕಲಿತರು. ಎಪ್ಪತ್ತರ ದಶಕದಲ್ಲಿ ಮತ್ತೆ ವೇದಿಕೆಗೆ ಬಂದರು. ಅದಕ್ಕೆ ವರ್ಷಗಳೇ ಹಿಡಿದವು ಎಂಬುದನ್ನೂ ಮರೆಯಬಾರದು.

ಆರಿಸುವುದು ಹೇಗೆ?

ನಮ್ಮ ಬ್ಯಾಂಡುಗಳವರು ಮೀರತ್ತಿನಲ್ಲಿ ತಯಾರಾದ ವಾದ್ಯದ ಜೊತೆ ಬಂದ ಮೌತ್‌ಪೀಸನ್ನೇ ವರ್ಷಗಟ್ಟಲೆ ಊದುವುದುಂಟು. ಹಲ್ಲು ಸರಿಯಿದ್ದರೆ ತೊಂದರೆಯಿಲ್ಲ. ಇಲ್ಲದಿದ್ದರೆ ಗಮನಿಸಬೇಕಾದ ಅಂಶಗಳು ಇವು.

ಅಂಚು: ಹಲ್ಲಿನ ತೊಂದರೆ ಇರುವವರು ಮೊದಲು ನೋಡಬೇಕಾದುದು ಇದನ್ನೇ. ಅಗಲವಾದ, ದುಂಡಗಿನ ಅಂಚು ಒತ್ತಡವನ್ನು ಹಂಚುತ್ತದೆ. ತುಟಿಗೆ, ಹಲ್ಲಿಗೆ ಹಿತ. ಆದರೆ ಸ್ವರದಿಂದ ಸ್ವರಕ್ಕೆ ಜಾರುವ ಸಲೀಸು ಸ್ವಲ್ಪ ಕಡಿಮೆಯಾಗಬಹುದು. ತೆಳು, ಚೂಪು ಅಂಚು ಒಂದೇ ಕಡೆ ಒತ್ತುತ್ತದೆ.

ಒಳ ಅಗಲ: ಒಂದು ಹಲ್ಲು ಮುಂದೆ ಚಾಚಿದ್ದರೆ ಅಂಚು ಆ ಹಲ್ಲಿನ ನೆತ್ತಿಯ ಮೇಲೆ ಕೂರದಂತಹ ಅಳತೆ ಹುಡುಕಬೇಕು. ಹಲ್ಲು ಇಲ್ಲದ ಸಂದಿ ಇದ್ದರೆ ಅಂಚು ಗಟ್ಟಿ ಹಲ್ಲುಗಳ ಮೇಲೆ ನಿಲ್ಲಬೇಕು. ತೀರ ದೊಡ್ಡದಕ್ಕೆ ಹಾರಬೇಡಿ. ಬಟ್ಟಲು ಅಗಲವಾದಷ್ಟೂ ತುಟಿಗೆ ಶ್ರಮ ಹೆಚ್ಚು. ಬಾಕ್ ಕಂಪನಿಯ ಕ್ರಮದಲ್ಲಿ ಅಂಕಿ ಚಿಕ್ಕದಾದಷ್ಟೂ ಬಟ್ಟಲು ಅಗಲ. 7ಸಿಗಿಂತ 3ಸಿ ಅಗಲ. ಬೇರೆ ಕಂಪನಿಗಳ ಅಂಕಿಗೆ ಬೇರೆ ಅರ್ಥವಿರಬಹುದು.

ಆಳ: ಆಳ ಕಡಿಮೆಯಾದರೆ ನಾದ ಹರಿತ, ಹೆಚ್ಚಾದರೆ ಗಂಭೀರ. ಹಲ್ಲಿನ ತೊಂದರೆಗೆಂದು ಅಂಚು ಬದಲಿಸುವಾಗ ಆಳವನ್ನು ಹಳೆಯದರಂತೆಯೇ ಇಟ್ಟುಕೊಳ್ಳಿ. ಒಮ್ಮೆಗೆ ಒಂದನ್ನೇ ಬದಲಿಸಿದರೆ ಯಾವುದರಿಂದ ಲಾಭವಾಯಿತೆಂದು ತಿಳಿಯುತ್ತದೆ.

ಬುಡ: ಟ್ರಂಪೆಟ್ ಮತ್ತು ಕಾರ್ನೆಟ್ ಮೌತ್‌ಪೀಸುಗಳ ಬುಡದ ದಪ್ಪ ಬೇರೆ. ಒಂದನ್ನು ಇನ್ನೊಂದಕ್ಕೆ ಬಲವಂತವಾಗಿ ತುರುಕಬೇಡಿ.

ಲೇಪ: ಬೆಳ್ಳಿಯ ಲೇಪ ಸವೆದು ಹಿತ್ತಾಳೆ ಕಾಣುತ್ತಿದ್ದರೆ ತುಟಿ ಕೆರಳಬಹುದು. ಬೆಳ್ಳಿ ಒಗ್ಗದವರಿಗೆ ಚಿನ್ನದ ಲೇಪದ್ದೋ ಪ್ಲಾಸ್ಟಿಕ್ಕಿನದೋ ಇದೆ.

ಅಂಗಡಿಯಲ್ಲಿ ಒಂದು ಜೋರು ಸ್ವರ ಊದಿ ತೀರ್ಮಾನಿಸಬೇಡಿ. ಮನೆಯಲ್ಲಿ ಹದಿನೈದು ನಿಮಿಷ ಮೆದುವಾಗಿ, ದೀರ್ಘ ಸ್ವರಗಳನ್ನು ಊದಿ. ಹಲ್ಲು ಜೋಮು ಹಿಡಿಯಬಾರದು, ತುಟಿಯ ಮೇಲಿನ ಉಂಗುರದ ಗುರುತು ಬೇಗ ಮಾಯವಾಗಬೇಕು. ಮೌತ್‌ಪೀಸ್ ನಟ್ಟನಡುವೆಯೇ ಇರಬೇಕೆಂಬ ನಿಯಮವೇನೂ ಇಲ್ಲ. ಚೂರು ಪಕ್ಕಕ್ಕಿಟ್ಟು ಚೆನ್ನಾಗಿ ಊದುವವರಿದ್ದಾರೆ. ಅಂಚನ್ನು ನೀವೇ ಅರದಿಂದ ಉಜ್ಜಲು ಮಾತ್ರ ಹೋಗಬೇಡಿ.

ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡ ಶಾಲಾ ಬ್ಯಾಂಡಿನ ಮಕ್ಕಳಿಗೆ ದಂತವೈದ್ಯರು ಕೊಡುವ ಮೇಣವನ್ನು ಕ್ಲಿಪ್ಪಿನ ಮೇಲೆ ಹಚ್ಚಿದರೆ ತುಟಿ ಗಾಯವಾಗುವುದಿಲ್ಲ. ಮೊದಲ ವಾರಗಳಲ್ಲಿ ಸ್ವರ ಕೆಟ್ಟರೆ ಗದರಿಸಬೇಡಿ. ತುಟಿ ಹೊಸ ಜಾಗ ಕಲಿಯುತ್ತಿದೆ.

ಒತ್ತುವುದು ಬಲವಲ್ಲ

ಮೇಲಿನ ಸ್ವರಕ್ಕೆ ವಾದ್ಯವನ್ನು ಬಾಯಿಗೆ ಒತ್ತುವುದು ಹಲವರ ಅಭ್ಯಾಸ. ಎಂಥ ಮೌತ್‌ಪೀಸ್ ಕೊಂಡರೂ ಈ ಅಭ್ಯಾಸ ಬಿಡದಿದ್ದರೆ ಪ್ರಯೋಜನವಿಲ್ಲ. ಲೂಯಿ ಆರ್ಮ್‌ಸ್ಟ್ರಾಂಗ್‌ರಂಥ ಮಹಾನ್ ವಾದಕರೂ ತುಟಿಯ ಗಾಯದಿಂದ ಬಳಲಿ ವಾದನ ನಿಲ್ಲಿಸಿ ವಿಶ್ರಾಂತಿ ಪಡೆಯಬೇಕಾಯಿತು. ತುಟಿಯ ಸ್ನಾಯು ಹರಿದುಕೊಳ್ಳುವ ತೊಂದರೆಗೆ ವೈದ್ಯರು ಅವರ ಅಡ್ಡಹೆಸರಾದ ‘ಸ್ಯಾಚ್‌ಮೊ’ ಎಂಬುದನ್ನೇ ಇಟ್ಟಿದ್ದಾರೆ. ಬಲ ಹೊಟ್ಟೆಯಿಂದ ಬರುವ ಗಾಳಿಯಲ್ಲಿರಬೇಕು, ತೋಳಿನಲ್ಲಲ್ಲ. ಇಬ್ಬರು ಟ್ರಂಪೆಟ್‌ನವರಿದ್ದರೆ ಹಾಡು ಬಿಟ್ಟು ಹಾಡು ಊದಿ ತುಟಿಗೆ ಬಿಡುವು ಕೊಡಿ.

ಒಬ್ಬರ ಮೌತ್‌ಪೀಸನ್ನು ಇನ್ನೊಬ್ಬರು ಹಾಗೇ ಊದಬಾರದು. ತುಟಿಯ ನೀರುಗುಳ್ಳೆಯಂಥ ಸೋಂಕು ಹೀಗೆ ಹರಡಬಹುದು. ಉಗುರುಬೆಚ್ಚಗಿನ ನೀರು, ಸೋಪಿನಿಂದ ಆಗಾಗ ತೊಳೆದು ಒಣಗಿಸಿ. ದಿನಕ್ಕೆರಡು ಸಲ ಹಲ್ಲುಜ್ಜುವುದು, ಆರು ತಿಂಗಳಿಗೊಮ್ಮೆ ತಪಾಸಣೆ ಇವು ಎಲ್ಲರಿಗೂ ಹೇಳುವ ಮಾತು. ಊದುವವರಿಗೆ ಎರಡು ಪಟ್ಟು ಅನ್ವಯ. ತುಟಿಯಲ್ಲೋ ಬಾಯಲ್ಲೋ ಹುಣ್ಣು ಎರಡು ವಾರವಾದರೂ ಮಾಯದಿದ್ದರೆ ಮೌತ್‌ಪೀಸನ್ನು ದೂರದೆ ವೈದ್ಯರ ಬಳಿ ಹೋಗಿ.

ಮನೆಯವರಿಗೂ ಒಂದು ಮಾತು. ಊದುವ ಯಜಮಾನರು ಒಂದೇ ಕಡೆ ಅಗಿಯುತ್ತಿದ್ದರೆ, ಮುದ್ದೆಯ ಜೊತೆಯ ಸಾರು ಬಿಸಿಯೆಂದು ಮುಖ ಕಿವಿಚುತ್ತಿದ್ದರೆ, ಅಭ್ಯಾಸಕ್ಕೆ ಕೂರಲು ಹಿಂಜರಿಯುತ್ತಿದ್ದರೆ ಹಲ್ಲನ್ನು ಒಮ್ಮೆ ವಿಚಾರಿಸಿ. ಹೇಳಿದರೆ ಕಸುಬು ಹೋಗುತ್ತದೆಂದು ಅವರು ಸುಮ್ಮನಿರಬಹುದು. ನಿಜವಾಗಿ ಕಸುಬು ಹೋಗುವುದು ಹೇಳದೆ ಬಚ್ಚಿಟ್ಟಾಗ. ಇವತ್ತು ಶುಚಿಗೊಳಿಸಿ ಉಳಿಸಬಹುದಾದ ಹಲ್ಲನ್ನು ಇನ್ನೊಂದು ಮದುವೆ ಋತು ಕಳೆಯುವ ಹೊತ್ತಿಗೆ ಕೀಳಲೇಬೇಕಾಗಬಹುದು.