ಹತ್ತು ರಾಗ, ಒಂದೇ ಡಿಸ್ಕೋ ಏಟು!

ಹಾಡುವವರಿಲ್ಲ. ಸಾಹಿತ್ಯವಿಲ್ಲ. ತಬಲಾ ಇಲ್ಲ, ಪಿಟೀಲಿಲ್ಲ, ಕೊಳಲಿಲ್ಲ. ಇರೋದು ಮೂರು ಜಪಾನೀ ಯಂತ್ರ, ಅವುಗಳ ಗುಂಡಿ ತಿರುಗಿಸುವ ಒಬ್ಬನೇ ಒಬ್ಬ ಮನುಷ್ಯ. ಧುಮ್... ಧುಮ್... ಧುಮ್... ನಿಲ್ಲದೆ ಬೀಳುವ ಏಟು. ಅದರಡಿಯಲ್ಲಿ ಹಾವಿನ ಹಾಗೆ ತೆವಳುವ ಮಂದ್ರ ಸ್ವರ. ಅದರ ಮೇಲೆ... ಅರೆ, ಇದು ನಮ್ಮ ಮೋಹನ ರಾಗ ಅಲ್ವೇನ್ರೀ?

ಹೌದು, ಅದೇ! ನಾವು ಮೋಹನ ಅಂತೀವಿ, ಹಿಂದೂಸ್ತಾನಿಯವರು ಭೂಪಾಲಿ ಅಂತಾರೆ. 1982ರಲ್ಲಿ ಚರಣ್‌ಜಿತ್ ಸಿಂಗ್ ಎಂಬ ಬೊಂಬಾಯಿ ವಾದ್ಯಗಾರರು ಎಚ್.ಎಂ.ವಿ.ಗಾಗಿ ಮಾಡಿದ ರೆಕಾರ್ಡ್ ಇದು. ಹೆಸರು ‘ಸಿಂಥಸೈಸಿಂಗ್: ಟೆನ್ ರಾಗಾಸ್ ಟು ಎ ಡಿಸ್ಕೋ ಬೀಟ್’. ಹತ್ತು ರಾಗ, ಒಂದೊಂದಕ್ಕೂ ಹೆಚ್ಚು ಕಮ್ಮಿ ಐದು ನಿಮಿಷ. ಭೂಪಾಲಿ, ಲಲಿತ್, ತೋಡಿ, ಮಧುವಂತಿ, ಯಮನ್, ಕಲಾವತಿ, ಮಾಲಕೌಂಸ್... ಎಲ್ಲಕ್ಕೂ ಒಂದೇ ಡಿಸ್ಕೋ ಏಟು.

ಬಂದಾಗ ಕೇಳುವವರಿಲ್ಲದೆ ನೆಲಕಚ್ಚಿದ ಈ ತಟ್ಟೆ ಇಪ್ಪತ್ತೆಂಟು ವರ್ಷಗಳ ನಂತರ ಎದ್ದು ಕೂತು ದೇಶ ದೇಶಗಳ ರಸಿಕರು ಪರಸ್ಪರ ಜಗಳವಾಡುವಂತೆ ಮಾಡಿತು. ಆ ಜಗಳ ಇವತ್ತಿಗೂ ಪೂರ್ತಿ ತಣ್ಣಗಾಗಿಲ್ಲ. ಹಾಗಾದ್ರೆ ಕೇಳಿದವರು ಏನಂತಾರೆ? ಅದನ್ನೇ ಹೇಳೋಕೆ ಹೊರಟಿದ್ದೀನಿ, ಓದುಗ ಮಿತ್ರರೇ.

ಪರದೆಯ ಮೇಲೆ ಬಾರದ ಹೆಸರು

ಮೊದಲು ಮನುಷ್ಯನ ಪರಿಚಯ. ಚರಣ್‌ಜಿತ್ ಸಿಂಗ್ ಹೆಸರು ನಿಮಗೆ ಗೊತ್ತಿಲ್ಲದಿರಬಹುದು. ಆದರೆ ಅವರು ನುಡಿಸಿದ್ದನ್ನು ನೀವು ಕೇಳಿಯೇ ಇದ್ದೀರಿ. ‘ಹರೇ ರಾಮ ಹರೇ ಕೃಷ್ಣ’ (1971) ಚಿತ್ರದ ‘ದಮ್ ಮಾರೋ ದಮ್’ ನೆನಪಿದೆ ತಾನೇ? ಅದರಲ್ಲಿ ಹೊಗೆಯ ಹಾಗೆ ಸುತ್ತಿಕೊಳ್ಳುವ ಒಂದು ನಾದ ಇದೆಯಲ್ಲ, ಅದು ಟ್ರಾನ್ಸಿಕಾರ್ಡ್ ಎಂಬ ವಾದ್ಯದ್ದು. ನುಡಿಸಿದವರು ಈ ಮಹಾಶಯರೇ. ಶಂಕರ್-ಜೈಕಿಷನ್, ಆರ್.ಡಿ. ಬರ್ಮನ್, ಲಕ್ಷ್ಮೀಕಾಂತ್-ಪ್ಯಾರೇಲಾಲ್... ದೊಡ್ಡ ದೊಡ್ಡವರ ವಾದ್ಯವೃಂದದಲ್ಲಿ ಗಿಟಾರ್, ಬೇಸ್ ಗಿಟಾರ್, ಕೀಬೋರ್ಡ್ ಏನು ಕೊಟ್ಟರೂ ನುಡಿಸಿದವರು. ಬೆಳಗ್ಗೆ ಸ್ಟುಡಿಯೋಗೆ ಹೋಗು, ಬರೆದುಕೊಟ್ಟದ್ದು ನುಡಿಸು, ದುಡ್ಡು ತಗೊಂಡು ಮನೆಗೆ ಬಾ. ಆ ಕಾಲದ ವಾದ್ಯಗಾರರ ಬದುಕೇ ಹಾಗೆ. ಟೈಟಲ್ ಕಾರ್ಡಿನಲ್ಲಿ ಸಂಗೀತ ನಿರ್ದೇಶಕರ ಹೆಸರು ಬರುತ್ತೆ, ನಾವು ಶಿಳ್ಳೆ ಹೊಡೀತೀವಿ. ಇವರ ಹೆಸರು ಎಲ್ಲಿ ಬಂತು?

ಅಷ್ಟರಲ್ಲಿ ಡಿಸ್ಕೋ ಜ್ವರ ಬಂತು. 1980ರ ‘ಕುರ್ಬಾನಿ’ಯಲ್ಲಿ ಬಿದ್ದೂ ಸಂಗೀತಕ್ಕೆ ನಾಜಿಯಾ ಹಸನ್ ಹಾಡಿದ್ದೇ ಹಾಡಿದ್ದು, ದೇಶಕ್ಕೆ ದೇಶವೇ ಸೊಂಟ ಕುಣಿಸಿತು. 1982ರಲ್ಲಿ ಬಪ್ಪಿ ಲಾಹಿರಿ ಸಂಗೀತದ ‘ಡಿಸ್ಕೋ ಡ್ಯಾನ್ಸರ್’, ಮಿಥುನ್ ಚಕ್ರವರ್ತಿ ಥಳಥಳ! ಚರಣ್‌ಜಿತ್ ಆಮೇಲೆ ಪತ್ರಕರ್ತರಿಗೆ ಹೇಳಿದ್ದು ಬಹಳ ಸರಳ. ಸಿನಿಮಾದಲ್ಲೆಲ್ಲಾ ಡಿಸ್ಕೋ ತುಂಬಿತ್ತು, ಅದನ್ನೇ ಇಟ್ಟುಕೊಂಡು ಬೇರೆ ಏನಾದರೂ ಮಾಡೋಣ ಅನ್ನಿಸಿತು, ರಾಗ ನುಡಿಸಿ ತಬಲಾ ತೆಗೆದುಬಿಟ್ಟೆ. ಅಷ್ಟೇ!

ಮೂರು ಯಂತ್ರ

ಆ ಯಂತ್ರಗಳನ್ನು ಅವರು ಸಿಂಗಪುರದಿಂದ ತಂದಿದ್ದರು. ಮೂರೂ ಜಪಾನಿನ ರೋಲ್ಯಾಂಡ್ ಕಂಪನಿಯವು. ತಾಳಕ್ಕೆ ಟಿಆರ್-808. ಮೇಲಿನ ಸ್ವರಗಳಿಗೆ ಜುಪಿಟರ್-8. ಕೆಳಗಿನ ಆ ತೆವಳುವ ಸ್ವರಕ್ಕೆ ಟಿಬಿ-303.

ಈ 303ರ ಕಥೆಯೇ ಒಂದು ಸಿನಿಮಾ. ಬೇಸ್ ಗಿಟಾರಿನವರು ಸಿಗದಿದ್ದರೆ ಅವರ ಬದಲು ಇರಲಿ ಅಂತ ಮಾಡಿದ ಪುಟ್ಟ ಪೆಟ್ಟಿಗೆ ಅದು. ಸ್ವರ ಒಂದು ಸಲ ತುಂಬಬೇಕು, ಕಾಲ ಇನ್ನೊಂದು ಸಲ ತುಂಬಬೇಕು. ತಲೆನೋವು! ಅಷ್ಟು ಮಾಡಿದರೂ ಬೇಸ್ ಗಿಟಾರಿನ ಹಾಗೆ ಕೇಳಿಸಲಿಲ್ಲ. ಯಾರೂ ಕೊಳ್ಳಲಿಲ್ಲ. 1984ರ ಹೊತ್ತಿಗೆ ಕಂಪನಿ ಅದನ್ನು ಮಾಡೋದನ್ನೇ ನಿಲ್ಲಿಸಿತು. ಬೇಸ್ ಗಿಟಾರಿನವರ ಹೊಟ್ಟೆ ಮೇಲೆ ಹೊಡೆಯೋಕೆ ಬಂದ ಯಂತ್ರವನ್ನು ಒಬ್ಬ ಬೇಸ್ ಗಿಟಾರಿನವರೇ ಕೊಂಡು ತಂದು ಪಳಗಿಸಿಬಿಟ್ಟರು ನೋಡಿ!

ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿಸುವ ಸೌಕರ್ಯ ಆ ಪೆಟ್ಟಿಗೆಯಲ್ಲಿದೆ. ಹಾರ್ಮೋನಿಯಂನಲ್ಲಿ ಬಾರದ್ದು ಅದರಲ್ಲಿ ಬರುತ್ತೆ. ಹಿಂದೂಸ್ತಾನಿಯವರ ಮೀಂಡ್ ಅದೇ ತಾನೇ? ಇನ್ನೊಂದು ವಿಷಯ. ಅದರಲ್ಲಿ ಒಂದು ಸುತ್ತಿಗೆ 16 ಮನೆ. ತೀನ್‌ತಾಲದಲ್ಲೂ 16 ಮಾತ್ರೆ. ಜಪಾನಿನ ಇಂಜಿನಿಯರಿಗೆ ತೀನ್‌ತಾಲ ಗೊತ್ತಿತ್ತು ಅಂತ ನಾನು ಹೇಳ್ತಾ ಇಲ್ಲ, ಕಾಕತಾಳೀಯ ಇರಬಹುದು. ಆದರೆ ಬೊಂಬಾಯಿ ವಾದ್ಯಗಾರನ ಕೈಗೆ ಆ ಲೆಕ್ಕ ಹೊಸದಾಗಿ ಕಂಡಿರಲಾರದು.

ನಂಬದ ಕಿವಿಗಳು

2002ರಲ್ಲಿ ಎಡೋ ಬೌಮನ್ ಎಂಬ ಹಾಲೆಂಡಿನ ರೆಕಾರ್ಡ್ ಸಂಗ್ರಾಹಕರಿಗೆ ದಿಲ್ಲಿಯಲ್ಲಿ ಈ ತಟ್ಟೆ ಸಿಕ್ಕಿತು. ಹೋಟೆಲಿಗೆ ಹೋಗಿ ಹಾಕಿ ಕೇಳಿದರೆ ದಂಗು! ಆತನ ಕಿವಿಗೆ ಅದು ಆಸಿಡ್ ಹೌಸ್ ಥರ ಕೇಳಿಸಿತು. ಆಸಿಡ್ ಹೌಸ್ ಅಂದ್ರೆ ಅಮೆರಿಕದ ಶಿಕಾಗೋದಲ್ಲಿ ಹುಟ್ಟಿದ ಕುಣಿತದ ಸಂಗೀತ. ಅಲ್ಲಿನ ಕರಿಯ ಹುಡುಗರು, ‘ಫ್ಯೂಚರ್’ ಎಂಬ ತಂಡದವರು, ಮೂಲೆಗೆ ಬಿದ್ದಿದ್ದ ಅದೇ 303 ಪೆಟ್ಟಿಗೆಯನ್ನು ಅಗ್ಗಕ್ಕೆ ಕೊಂಡು, ಗುಂಡಿಗಳನ್ನು ಎರ್ರಾಬಿರ್ರಿ ತಿರುಗಿಸಿ 1987ರಲ್ಲಿ ‘ಆಸಿಡ್ ಟ್ರಾಕ್ಸ್’ ಹೊರತಂದರು. ಅದೇ ಆ ಪಂಥದ ಮೊದಲ ರೆಕಾರ್ಡ್ ಅಂತ ಎಲ್ಲರೂ ನಂಬಿದ್ದರು. ಇಲ್ಲಿ ನೋಡಿದರೆ 1982!

ಬೌಮನ್ ತಮ್ಮ ‘ಬಾಂಬೆ ಕನೆಕ್ಷನ್’ ಸಂಸ್ಥೆಯಿಂದ 2010ರಲ್ಲಿ ಇದನ್ನು ಮತ್ತೆ ಬಿಡುಗಡೆ ಮಾಡಿದರು. ಆಗ ಶುರುವಾಯ್ತು ಗಲಾಟೆ.

ಮೊದಲ ಗುಂಪು ನಂಬಲೇ ಇಲ್ಲ. “ಸುಳ್ಳು! ಈಗ ಯಾರೋ ಕೂತು ಮಾಡಿ ಹಳೇ ತಾರೀಖು ಹಾಕಿದ್ದಾರೆ” ಅಂದರು. ಬೇರೆ ಬೇರೆ ಹೆಸರಿನಲ್ಲಿ ರೆಕಾರ್ಡ್ ಬಿಟ್ಟು ಆಟ ಆಡಿಸುವ ಏಫೆಕ್ಸ್ ಟ್ವಿನ್ ಎಂಬ ಇಂಗ್ಲಿಷ್ ಸಂಗೀತಗಾರನ ಮೇಲೂ ಅನುಮಾನ ಬಂತು. ಬದುಕಿದ್ದ ಮನುಷ್ಯ ಮುಂಬಯಿಯಲ್ಲಿ ತನ್ನ ಮನೆಯಲ್ಲೇ ಇದ್ದಾಗ, ಆತ ಇಲ್ಲವೇ ಇಲ್ಲ ಅಂದುಬಿಟ್ಟರಲ್ಲ!

ಎರಡನೇ ಗುಂಪು ಹೆಗಲ ಮೇಲೆ ಹೊತ್ತು ಮೆರೆಸಿತು. “ಆಸಿಡ್ ಹೌಸ್ ಹುಟ್ಟಿದ್ದು ಶಿಕಾಗೋದಲ್ಲಲ್ಲ, ಬೊಂಬಾಯಿಯಲ್ಲಿ!” ಪತ್ರಿಕೆಗಳೂ ಇದನ್ನೇ ಎತ್ತಿಕೊಂಡವು. ನಮಗೂ ಹೆಮ್ಮೆ, ಇಲ್ಲ ಅನ್ನಲ್ಲ.

ಆದರೆ ಮೂರನೇ ಗುಂಪಿನವರ ಮಾತಿನಲ್ಲಿ ತೂಕ ಇದೆ. ಅವರೇನಂತಾರೆ? 1977ರಲ್ಲೇ ಡೋನಾ ಸಮ್ಮರ್ ಹಾಡಿದ, ಜಾರ್ಜಿಯೋ ಮೊರೋಡರ್ ಕೈಯ ‘ಐ ಫೀಲ್ ಲವ್’ನಲ್ಲಿ ಇಂಥ ಯಂತ್ರದ ಓಟ ಬಂದಾಗಿತ್ತು. 303 ಪೆಟ್ಟಿಗೆಯನ್ನೇ ತಗೊಂಡರೂ ಇಂಗ್ಲೆಂಡಿನ ‘ಹೆವೆನ್ 17’ ತಂಡ 1982ರಲ್ಲೇ ‘ಲೆಟ್ ಮಿ ಗೋ’ ಹಾಡಿಗೆ ಬಳಸಿತ್ತು. ಶಿಕಾಗೋ ಹುಡುಗರು ಚರಣ್‌ಜಿತ್ ರೆಕಾರ್ಡ್ ಕೇಳಿಯೇ ಇರಲಿಲ್ಲ. ಚರಣ್‌ಜಿತ್‌ಗೆ ಆಸಿಡ್ ಹೌಸ್ ಅಂದರೇನೆಂದು ಗೊತ್ತಿರಲಿಲ್ಲ. ಒಂದೇ ಪೆಟ್ಟಿಗೆ ಇಬ್ಬರ ಕೈಗೆ ಸಿಕ್ಕಿತು, ಇಬ್ಬರೂ ತಮ್ಮ ತಮ್ಮ ದಾರಿ ಹಿಡಿದರು. ಇದಕ್ಕೆ ನನ್ನ ಓಟು.

ಶಾಸ್ತ್ರೀಯ ಸಂಗೀತದ ಹಿರಿಯರಿಗೆ ಕೇಳಿಸಿದರೆ ಮುಖ ಸಿಂಡರಿಸುತ್ತಾರೆ, ಅದನ್ನೂ ಹೇಳಬೇಕು. ಬೆಳಗಿನ ಜಾವದ ಲಲಿತ್‌ಗೂ ನಡುರಾತ್ರಿಯ ಮಾಲಕೌಂಸ್‌ಗೂ ಒಂದೇ ಧುಮ್ ಧುಮ್ ಅಂದ್ರೆ ಏನರ್ಥ? ನಿಧಾನದ ಆಲಾಪ ಎಲ್ಲಿ? ನ್ಯಾಯವಾದ ಪ್ರಶ್ನೆ. ನನಗೂ ಹತ್ತನ್ನೂ ಒಂದೇ ಏಟಿಗೆ ಕೇಳೋದು ಕಷ್ಟ. ಆರನೆಯದಕ್ಕೆ ಬರುವಷ್ಟರಲ್ಲಿ ತಾಳ ಕಿವಿಗೆ ಮೊಳೆ ಹೊಡೆದ ಹಾಗಾಗುತ್ತೆ. ಆದರೆ ಮಾಲಕೌಂಸ್ ಒಂದನ್ನೇ ರಾತ್ರಿ ಬಸ್ಸಿನಲ್ಲಿ, ಕಿಟಕಿ ಪಕ್ಕ ಕೂತು ಕೇಳಿ ನೋಡಿ. ನಮ್ಮ ಹಿಂದೋಳ ಅದು. ಮೈ ಜುಂ ಅನ್ನದಿದ್ದರೆ ಕೇಳಿ!

ನಾಲ್ಕು ಸಲ, ಒಂದು ಸಲ

ಹಾಗಾದ್ರೆ 1982ರಲ್ಲಿ ನಮ್ಮವರಿಗೇಕೆ ಹಿಡಿಸಲಿಲ್ಲ? ಶಿಕಾಗೋದವರೇ ಹೇಳುವ ಒಂದು ಕಥೆ ಕೇಳಿ. ಅಲ್ಲಿ ‘ಮ್ಯೂಸಿಕ್ ಬಾಕ್ಸ್’ ಎಂಬ ಕುಣಿತದ ಕ್ಲಬ್ಬು. ರೆಕಾರ್ಡ್ ಹಾಕುವವರು ರಾನ್ ಹಾರ್ಡಿ. ಫ್ಯೂಚರ್ ತಂಡದವರು ತಮ್ಮ ಟೇಪು ತಂದುಕೊಟ್ಟರು. ಮೊದಲ ಸಲ ಹಾಕಿದಾಗ ಜನ ಕುಣಿಯೋದು ಬಿಟ್ಟು ಪಕ್ಕಕ್ಕೆ ಸರಿದರು. ಹಾರ್ಡಿ ಬಿಡಲಿಲ್ಲ. ಅದೇ ರಾತ್ರಿ ಮತ್ತೆ ಹಾಕಿದರು, ಮತ್ತೆ ಹಾಕಿದರು. ನಾಲ್ಕನೇ ಸಲಕ್ಕೆ ಜನಕ್ಕೆ ಹುಚ್ಚು ಹಿಡಿಯಿತು!

ನಮ್ಮ ಚರಣ್‌ಜಿತ್‌ಗೆ ಆ ನಾಲ್ಕು ಸಲ ಕೊಟ್ಟವರು ಯಾರು? ರೆಕಾರ್ಡ್ ಅಂಗಡಿಯವನು ಇದನ್ನು ಶಾಸ್ತ್ರೀಯದ ಸಾಲಿನಲ್ಲಿ ಇಡಬೇಕೋ, ಸಿನಿಮಾ ಹಾಡಿನ ಸಾಲಿನಲ್ಲೋ? ರಾಗ ಕೇಳುವವನು ಡಿಸ್ಕೋ ಅಂತ ದೂರ ಇಟ್ಟ. ಡಿಸ್ಕೋ ಹುಡುಗ ಹಾಡೆಲ್ಲಿ, ಹೀರೋ ಎಲ್ಲಿ ಅಂದ. ಚರಣ್‌ಜಿತ್ ಸಿನಿಮಾ ಹಾಡುಗಳನ್ನೇ ವಾದ್ಯದಲ್ಲಿ ನುಡಿಸಿದ ರೆಕಾರ್ಡುಗಳನ್ನೂ ಮಾಡಿದ್ದರು. ಅವಕ್ಕೆ ಕೊಳ್ಳುವವರಿದ್ದರು, ಯಾಕಂದ್ರೆ ಧಾಟಿ ಮೊದಲೇ ಗೊತ್ತು. ಇದರಲ್ಲಿ ಗುನುಗೋಕೆ ಗೊತ್ತಿರೋ ಧಾಟಿಯೇ ಇಲ್ಲ. ಒಂದು ಸಲ ಕೇಳಿ ಬದಿಗಿಟ್ಟರು. ನನ್ನ ಲೆಕ್ಕದಲ್ಲಿ ಕಾರಣ ಇಷ್ಟೇ.

ಕೊನೆಗೂ ಕುಣಿಯುವ ಜನ ಸಿಕ್ಕಿದರು, ಎಪ್ಪತ್ತು ದಾಟಿದ ಮೇಲೆ! ಯೂರೋಪಿನ ವೇದಿಕೆಗಳಲ್ಲಿ ಅವೇ ಯಂತ್ರಗಳ ಮುಂದೆ ನಿಂತು ಈ ರಾಗಗಳನ್ನು ನುಡಿಸಿದರು. ಮೊಮ್ಮಕ್ಕಳ ವಯಸ್ಸಿನ ಹುಡುಗ ಹುಡುಗಿಯರು ಮುಂದೆ ಕುಣಿದರು. 2015ರ ಜುಲೈನಲ್ಲಿ ಮುಂಬಯಿಯಲ್ಲಿ ತೀರಿಕೊಂಡರು.

ಅಂದ ಹಾಗೆ, ದಾವಣಗೆರೆ ಕಡೆ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುವ ಹಿರಿಯರೊಬ್ಬರಿಗೆ ಮೊಬೈಲಿನಲ್ಲಿ ಯಮನ್ ಹಾಕಿ ಕೇಳಿಸಿದೆ. ಗಣೇಶನ ಹಬ್ಬದ ರಸಮಂಜರಿಗಳಲ್ಲಿ ಮೂವತ್ತು ವರ್ಷ ಬೆರಳು ಸವೆಸಿದವರು. ಆಸಿಡ್ ಹೌಸ್ ವಿಷಯ ಎತ್ತಿದರೆ ಕಿವಿಗೇ ಹಾಕಿಕೊಳ್ಳಲಿಲ್ಲ. ಕಣ್ಣು ಮುಚ್ಚಿ, ತೊಡೆ ಮೇಲೆ ಬೆರಳಾಡಿಸುತ್ತಾ, “ಕಲ್ಯಾಣಿ ನುಡಸ್ತಾನ... ಬಿಡಂಗಿಲ್ಲ ನೋಡು ತಮ್ಮಾ, ಎಲ್ಲೂ ಸ್ವರ ಜಾರಂಗಿಲ್ಲ” ಅಂದರು.

“ಒಬ್ಬರೇ ನುಡಿಸಿದ್ದು ಅಣ್ಣಾ, ಎಲ್ಲಾನೂ” ಅಂದೆ.

“ಒಬ್ಬನೇ ಅಂದ್ರ ಪಗಾರ ಎಷ್ಟ್ ಕೊಟ್ಟಿದ್ರಂತ?”

ಅದು ಯಾವ ಲೇಖನದಲ್ಲೂ ಬಂದಿಲ್ಲ ಅಂದೆ. ಅವರು ನಕ್ಕು, ಮೊಬೈಲ್ ಕಿವಿಗೆ ಇನ್ನೂ ಹತ್ತಿರ ಹಿಡಿದು, ಮೊದಲಿಂದ ಹಾಕು ಅಂದರು. ಎರಡನೇ ಸಲ.