ಸೌಳು ಗದ್ದೆಯ ಬೆಲ್ಲ, ಸಿಂಪಿ ಗುಡ್ಡದ ವೈನ್

ಮದ್ದೂರು–ಮಳವಳ್ಳಿ ರಸ್ತೆ ಬದಿಯ ಆಲೆಮನೆಯೊಂದರಲ್ಲಿ ಆಗತಾನೆ ಅಚ್ಚಿನಿಂದ ಬಿಡಿಸಿದ ಬೆಲ್ಲದ ಚೂರು ಬಾಯಿಗಿಟ್ಟೆ. ಸಿಹಿಯ ಬೆನ್ನಿಗೇ ನಾಲಿಗೆಯ ಅಂಚಿಗೆ ತೆಳುವಾಗಿ ಉಪ್ಪು ತಾಗಿತು. ಪಾಕ ತಿರುವುತ್ತಿದ್ದವರು ನನ್ನ ಮುಖ ನೋಡಿ, "ಸೌಳು ಗದ್ದೆದು ಕಣಣ್ಣ, ಮಳೆಗಾಲಕ್ಕೆ ನಿಲ್ಲಾಕಿಲ್ಲ" ಎಂದರು. ಫ್ರಾನ್ಸಿನ ಶಾಬ್ಲಿ ಎಂಬ ಪುಟ್ಟ ಊರಿನ ವೈನಿನ ಹೆಸರೆಲ್ಲ ನಿಂತಿರುವುದು ನೆಲ ರುಚಿಯನ್ನು ತಿದ್ದುತ್ತದೆ ಎಂಬ ಇಂಥದೇ ಅರಿವಿನ ಮೇಲೆ.

ಶಾಬ್ಲಿಯಲ್ಲಿ ಬೆಳೆಯುವುದು ಶಾರ್ಡೊನೆ ದ್ರಾಕ್ಷಿ. ಆಗುವುದು ಸಿಹಿಯೇ ಇಲ್ಲದ ಬಿಳಿ ವೈನ್. ಹಿಂಡಿದಾಗ ಆ ದ್ರಾಕ್ಷಿ ರಸದಲ್ಲಿ ಲೀಟರಿಗೆ ಸುಮಾರು 200 ಗ್ರಾಂ ಸಕ್ಕರೆ ಇರುತ್ತದೆ, ನಮ್ಮ ಕಬ್ಬಿನ ಹಾಲಿನಲ್ಲಿ ಇರುವಷ್ಟೇ ಹೆಚ್ಚುಕಡಿಮೆ. ಅಲ್ಲಿ ಯೀಸ್ಟ್ ಎಂಬ ಸೂಕ್ಷ್ಮಜೀವಿಗೆ ಆ ಸಕ್ಕರೆಯನ್ನೆಲ್ಲ ತಿನ್ನಲು ಬಿಡುತ್ತಾರೆ. ಸುಮಾರು 17 ಗ್ರಾಂ ಸಕ್ಕರೆ ಕರಗಿದರೆ ಲೀಟರಿನಲ್ಲಿ ಶೇ. 1ರಷ್ಟು ಮದ್ಯಸಾರ ಹುಟ್ಟುತ್ತದೆ. ಸಿಹಿ ತೀರಿದ ಮೇಲೆ ಉಳಿಯುವುದು ಹುಳಿ. ಆಲೆಮನೆಯಲ್ಲಾದರೋ ಸಕ್ಕರೆ ಕೆಡದಂತೆ ಗಡಿಯಾರ ಹಿಡಿದು ಓಟ. ಕಡಿದ ಕಬ್ಬು ಗಾಣಕ್ಕೆ ಬರುವುದು ತಡವಾದರೆ ಸಕ್ಕರೆ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತದೆ, ಅಚ್ಚು ಗಟ್ಟಿಯಾಗುವುದಿಲ್ಲ. ಅದಕ್ಕೇ ಹಾಲು ಕೊಪ್ಪರಿಗೆಗೆ ಬಿದ್ದೊಡನೆ ಬೆಂಕಿ. ಹುಳಿ ಮುರಿಯಲು ಸುಣ್ಣದ ನೀರು, ಕೊಳೆ ಎತ್ತಲು ಬೆಂಡೆ ಗಿಡದ ಲೋಳೆ.

ಇನ್ನು ನೆಲ. 1930ರ ದಶಕದಲ್ಲಿ ಕನ್ನಂಬಾಡಿಯ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು ಬಂತು, 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ ಸ್ಥಾಪನೆಯಾಯಿತು. ರಾಗಿ ಹೊಲ ಕಬ್ಬಿನ ಗದ್ದೆಯಾಯಿತು. ನೀರು ಬಸಿದುಹೋಗದ ತಗ್ಗುಗಳಲ್ಲಿ ಮಾತ್ರ ಅಂತರ್ಜಲ ಮೇಲೇರಿ, ಬಿಸಿಲಿಗೆ ಆವಿಯಾಗಿ, ಉಪ್ಪನ್ನು ಮೇಲ್ಮಣ್ಣಿನಲ್ಲೇ ಬಿಟ್ಟಿತು. ಅದೇ ಸೌಳು. ಕಬ್ಬಿನ ಬೇರು ಈ ಲವಣಗಳನ್ನು ಹೀರುತ್ತದೆ, ಗಾಣ ಅವನ್ನು ಹಾಲಿಗಿಳಿಸುತ್ತದೆ, ಬೆಂಕಿ ನೀರನ್ನಷ್ಟೇ ಓಡಿಸುತ್ತದೆ. ಲವಣ ಹೆಚ್ಚಿದ ಬೆಲ್ಲ ಗಾಳಿಯ ತೇವವನ್ನು ಎಳೆದುಕೊಂಡು ಒಸರುತ್ತದೆ.

ಶಾಬ್ಲಿಯ ನೆಲದ ಕತೆ ಇನ್ನೂ ಹಳೆಯದು. ಸುಮಾರು 15 ಕೋಟಿ ವರ್ಷಗಳ ಹಿಂದೆ ಅಲ್ಲಿ ಆಳವಿಲ್ಲದ ಸಮುದ್ರವಿತ್ತು. ಇವತ್ತು ದ್ರಾಕ್ಷಿ ತೋಟದಲ್ಲಿ ಸುಣ್ಣದ ಹೆಂಟೆಯೊಂದನ್ನು ಒಡೆದರೆ ಉಗುರಿನಷ್ಟು ಪುಟ್ಟ ಸಿಂಪಿಗಳು ಸಿಗುತ್ತವೆ. ವೈನಿನಲ್ಲಿ ಕಲ್ಲಿನ ರುಚಿ ಬರುವುದು ಅವುಗಳಿಂದಲೇ ಎಂದು ಅಭಿಮಾನಿಗಳು ನಂಬುತ್ತಾರೆ. ಭೂವಿಜ್ಞಾನಿಗಳು ಒಪ್ಪುವುದಿಲ್ಲ: ಕಲ್ಲಿಗೆ ರುಚಿಯಿಲ್ಲ, ಬೇರಿಗೆ ಕಲ್ಲು ತಿನ್ನಲು ಬಾರದು. ನನಗೂ ಅವರ ಮಾತೇ ಸರಿಯೆನಿಸುತ್ತದೆ. ಆ ಮಣ್ಣು ಮಾಡುವುದು ನೀರಿನ ಕೆಲಸ: ಹೆಚ್ಚಾದದ್ದನ್ನು ಬಸಿದುಬಿಡುತ್ತದೆ, ಬೇಕಾದಷ್ಟನ್ನು ಹಿಡಿದಿಡುತ್ತದೆ. ಉಳಿದದ್ದು ಚಳಿಯ ಕೆಲಸ. ತಂಪಿನಲ್ಲಿ ಮಾಗುವ ಹಣ್ಣು ತನ್ನ ಹುಳಿ ಕಳೆದುಕೊಳ್ಳುವುದಿಲ್ಲ. ನಂದಿ ಬೆಟ್ಟದ ತಪ್ಪಲಿನಲ್ಲಿ ವೈನ್ ದ್ರಾಕ್ಷಿ ಬೆಳೆಯುವವರು ಎತ್ತರದ ತಂಪು ರಾತ್ರಿಗಳನ್ನು ನೆಚ್ಚಿರುವುದೂ ಇದಕ್ಕೇ.

1938ರಿಂದ ಫ್ರಾನ್ಸಿನ ಕಾನೂನು ಶಾಬ್ಲಿ ಎಂಬ ಹೆಸರನ್ನು ಗೊತ್ತುಪಡಿಸಿದ ಆ ನೆಲದ ವೈನಿಗಷ್ಟೇ ಕೊಟ್ಟಿದೆ. ನಮ್ಮ ಬೆಲ್ಲ ಪೇಟೆ ಸೇರಿದರೆ ಕೇಳುವುದು ಬಣ್ಣವನ್ನು. ಹಳದಿಗೆ ಹೆಚ್ಚು ದರವೆಂದು ಪಾಕಕ್ಕೆ ರಾಸಾಯನಿಕ ಬೆರೆಸಿದರೆ ಯಾವ ಗದ್ದೆಯ ಗುರುತೂ ಉಳಿಯುವುದಿಲ್ಲ. ಅದು ನನಗೆ ಸಂಕಟದ ಸಂಗತಿ.

ಆ ದಿನ ಎರಡು ಅಚ್ಚು ತಂದು ಅಟ್ಟದ ಮೇಲಿಟ್ಟಿದ್ದೆ, ಸೌಳಿನದೊಂದು, ಕೆಮ್ಮಣ್ಣಿನದೊಂದು. ಮುಂಗಾರು ಹಿಡಿದ ವಾರವೇ ಮೊದಲನೆಯದರ ಕೆಳಗಿನ ಕಾಗದ ಒದ್ದೆಯಾಗಿತ್ತು. ಇನ್ನೊಂದನ್ನು ಒಡೆಯಲು ಗುಂಡುಕಲ್ಲೇ ಬೇಕಾಯಿತು.