ವಿನೈಲ್ ನೆಲಹಾಸಿನ ಕೊಟೇಷನ್: ಚದರಡಿಯ ದರದಾಚೆಗಿನ ಲೆಕ್ಕ

ನಮ್ಮ ವರ್ತಕ ಬಾಂಧವರು ಅಂಗಡಿಗೆ ಮಾಲು ತರಿಸುವಾಗ ತೋರುವ ಜಾಗರೂಕತೆಯನ್ನು ಸ್ವಂತ ಮನೆಯ ಕೆಲಸದಲ್ಲಿ ತೋರುವುದಿಲ್ಲವೆಂಬುದು ನನ್ನ ವೃತ್ತಿಜೀವನದ ಅನುಭವ. ಸೂರತ್ತಿನಿಂದ ಬರುವ ಸರಕಿಗೆ ಲಾರಿ ಬಾಡಿಗೆ, ಹಮಾಲಿ, ವಿಮೆ, ಸಾಲದ ದಿನಗಳ ಬಡ್ಡಿ ಇವೆಲ್ಲವನ್ನೂ ಕೂಡಿಸಿ, ಗೋದಾಮಿಗೆ ಮುಟ್ಟಿದ ದರವೆಷ್ಟೆಂದು ಬಾಯಿಲೆಕ್ಕದಲ್ಲೇ ಹೇಳಬಲ್ಲವರು, ಮನೆಯ ನೆಲಕ್ಕೆ ಹಾಸು ಹಾಕಿಸುವಾಗ ಮಾತ್ರ "ಚದರಡಿಗೆ ಎಷ್ಟು?" ಎಂಬ ಒಂದೇ ಪ್ರಶ್ನೆ ಕೇಳಿ ಮುಂಗಡ ಕೊಟ್ಟುಬಿಡುತ್ತಾರೆ. ನಾನೂ ಹಾಗೆಯೇ ಮಾಡುವವನಿದ್ದೆ.

ಹುಬ್ಬಳ್ಳಿಯ ನಮ್ಮ ಮನೆಯ ಕೆಳ ಅಂತಸ್ತಿನ ನೆಲ ಹಳೆಯ ಕಾಲದ ಮೊಸಾಯಿಕ್. ಚಳಿಗಾಲದಲ್ಲಿ ಅದರ ಥಂಡಿ ವಯಸ್ಸಾದ ತಾಯಿಯವರ ಮಂಡಿನೋವಿಗೆ ಸಹನೆಯಾಗುತ್ತಿರಲಿಲ್ಲ. ನೆಲ ಒಡೆದು ಬೇರೆ ಹಾಕಿಸಿದರೆ ವಾರಗಟ್ಟಲೆ ಧೂಳು. ಆದ್ದರಿಂದ 2024ರ ಆರಂಭದಲ್ಲಿ ಪಡಸಾಲೆಗೂ ತಾಯಿಯವರ ಕೋಣೆಗೂ ಇರುವ ನೆಲದ ಮೇಲೆಯೇ ವಿನೈಲ್ ಹಾಸು ಹಾಕಿಸುವುದೆಂದು ನಿಶ್ಚಯಿಸಿ ಮೂವರಿಂದ ಕೊಟೇಷನ್ ತರಿಸಿದೆ. ಪಡಸಾಲೆ 18 ಅಡಿಗೆ 14, ಕೋಣೆ 12 ಅಡಿಗೆ 11. ಒಟ್ಟು 384 ಚದರಡಿ. ಟೇಪು ಹಿಡಿದು ನಾನೇ ಅಳೆದದ್ದು.

ಮೊದಲನೆಯವರ ದರ ಚದರಡಿಗೆ ರೂ. 105, ಜಿಎಸ್‌ಟಿ ಪ್ರತ್ಯೇಕ. ಎರಡನೆಯವರದು ಮೊಬೈಲಿಗೆ ಬಂದ ಒಂದೇ ಸಾಲು: "ಒಟ್ಟು 68,000, ಎಲ್ಲ ಸೇರಿ." ಮೂರನೆಯವರದು ಒಂದೂವರೆ ಪುಟದ ಪಟ್ಟಿ, ಕೊನೆಯ ಮೊತ್ತ ತೆರಿಗೆ ಸೇರಿ ರೂ. 84,750. ಮೊದಲನೆಯವರ ಮೊತ್ತ ತೆರಿಗೆ ಸೇರಿ ರೂ. 54,516. ಮೂವತ್ತು ಸಾವಿರದ ಅಂತರ! ಮನೆಯವರೆಲ್ಲರ ಅಭಿಪ್ರಾಯವೂ ಮೊದಲನೆಯವರ ಕಡೆಗೇ ವಾಲಿತ್ತು.

ರಾತ್ರಿ ಕುಳಿತು ಲೆಕ್ಕ ಬಿಡಿಸಿದಾಗ ಮೊದಲು ಕಂಡದ್ದು ಅಳತೆಯ ವ್ಯತ್ಯಾಸ. ಮೊದಲನೆಯವರು 105ರ ದರವನ್ನು ಗುಣಿಸಿದ್ದು 384ರಿಂದಲ್ಲ, 440ರಿಂದ. ಕತ್ತರಿಸುವಾಗ ವ್ಯರ್ಥವಾಗುವ ಮಾಲಿಗೆಂದು ಸುಮಾರು ಶೇ. 15ರಷ್ಟು ಸೇರಿಸಿದ್ದರು. ನೇರವಾದ ಜೋಡಣೆಗೆ ಶೇ. 5ರಿಂದ 10 ಸಾಕು; ಅಡ್ಡಡ್ಡ ಹೆಣೆದಂತಹ ವಿನ್ಯಾಸಕ್ಕೆ ಮಾತ್ರ ಹೆಚ್ಚು ಬೇಕಾಗುತ್ತದೆ. ಅವರ ದರದಲ್ಲಿ ಕೂಲಿಯೂ ಸೇರಿದ್ದರಿಂದ, ಹಾಸದೆ ಬಿಸುಡುವ ತುಂಡುಗಳಿಗೂ ನಾವು ಹಾಸುವ ಕೂಲಿ ತೆರಬೇಕಿತ್ತು. ನಿಜವಾದ ನೆಲಕ್ಕೆ ಭಾಗಿಸಿದರೆ 105 ಎಂಬುದು 120 ಆಯಿತು. ಮೂರನೆಯವರು ಮಾಲನ್ನು ಪೆಟ್ಟಿಗೆಯ ಲೆಕ್ಕದಲ್ಲಿ ತೋರಿಸಿದ್ದರು: ಪೆಟ್ಟಿಗೆಗೆ 24 ಚದರಡಿಯಂತೆ 18 ಪೆಟ್ಟಿಗೆ, 432 ಚದರಡಿ. ಕೂಲಿ ಮಾತ್ರ 384ಕ್ಕೆ. ಪೆಟ್ಟಿಗೆಯನ್ನು ಒಡೆದು ಮಾರುವುದಿಲ್ಲವಾದ್ದರಿಂದ ಈ ಪದ್ಧತಿಯೇ ಸರಿ. ಉಳಿದ ಮಾಲು ನಮ್ಮದೆಂಬುದೂ ಬರಹದಲ್ಲಿ ಸ್ಪಷ್ಟವಾಗಿತ್ತು.

ಇನ್ನು ಮಾಲಿನ ವಿಷಯ. ಎಲ್ಲರೂ ಕೇಳುವುದು ಪಟ್ಟಿಯ ಒಟ್ಟು ದಪ್ಪವನ್ನು: ನಾಲ್ಕು ಮಿಲಿಮೀಟರೋ, ಐದೋ? ಬಾಳಿಕೆಯನ್ನು ನಿರ್ಧರಿಸುವುದು ಅದಲ್ಲ. ಮುದ್ರಿತ ಚಿತ್ರದ ಮೇಲಿರುವ ಪಾರದರ್ಶಕ ಸವಕಳಿ ಪದರ. ಸವಕಳಿ ಎಂದೊಡನೆ ನಮ್ಮ ವೃತ್ತಿಯವರ ಕಿವಿ ನಿಮಿರುವುದು ಸಹಜ. ಇಲ್ಲಿಯೂ ಅರ್ಥ ಬಹುಮಟ್ಟಿಗೆ ಅದೇ. ಈ ಪದರ ಸವೆದ ದಿನ ಆಸ್ತಿಯ ಮೌಲ್ಯವೂ ಮುಗಿಯಿತು, ಏಕೆಂದರೆ ಕೆಳಗಿರುವ ಮರದ ಚಿತ್ರವನ್ನು ಉಜ್ಜಿ ಹೊಳಪು ಕೊಡಲು ಬರುವುದಿಲ್ಲ. ಮನೆಗೆ ಸಾಮಾನ್ಯವಾಗಿ 0.3 ಮಿ.ಮೀ., ಹೆಚ್ಚು ಓಡಾಟವಿರುವ ಅಂಗಡಿ-ಕಚೇರಿಗೆ 0.5 ಮಿ.ಮೀ. ಅಥವಾ ಅದಕ್ಕೂ ಮಿಗಿಲಾದದ್ದು ಬೇಕು. ಕೆಲವು ಕೊಟೇಷನ್‌ಗಳಲ್ಲಿ ಇದನ್ನು 'ಮಿಲ್' ಎಂದು ಬರೆಯುತ್ತಾರೆ. ಅದು ಮಿಲಿಮೀಟರ್ ಅಲ್ಲ, ಅಂಗುಲದ ಸಾವಿರದ ಒಂದು ಭಾಗ. 12 ಮಿಲ್ ಎಂದರೆ ಸುಮಾರು 0.3 ಮಿ.ಮೀ., 20 ಮಿಲ್ ಎಂದರೆ 0.5. ಮೊದಲನೆಯವರ ಮಾಲಿನ ಪದರ 0.2 ಎಂದು ಎರಡು ಸಲ ಕೇಳಿದ ಮೇಲೆ ತಿಳಿಯಿತು. ಮೂರನೆಯವರದು 0.5. ಎರಡನೆಯವರನ್ನು ತಯಾರಕರು ಯಾರೆಂದು ಕೇಳಿದರೆ, "ಎಲ್ಲಾ ಒಂದೇ ಫ್ಯಾಕ್ಟರಿ ಮಾಲು ಸಾರ್" ಎಂಬ ಉತ್ತರ ಬಂತು. ಅವರ ಕೊಟೇಷನ್ನಿನ ಪರಿಶೀಲನೆ ಅಲ್ಲಿಗೇ ಮುಗಿಯಿತು.

ಹಣದ ದೃಷ್ಟಿಯಿಂದ ಅತ್ಯಂತ ಅಪಾಯದ ಬಾಬತ್ತು ಕಣ್ಣಿಗೆ ಕಾಣದ್ದು: ಹಾಸಿನ ಕೆಳಗಿನ ನೆಲ. ಒಂದಕ್ಕೊಂದು ಕೊಂಡಿ ಹಾಕಿ ಕೂಡಿಸುವ ಗಟ್ಟಿ ಪಟ್ಟಿಗಳು, ಅಂದರೆ ಸುಣ್ಣಕಲ್ಲಿನ ಪುಡಿ ಬೆರೆಸಿದ ಎಸ್‌ಪಿಸಿ ಬಗೆಯವು, ತಗ್ಗಿನ ಮೇಲೆ ಕುಳಿತರೆ ಪ್ರತಿ ಹೆಜ್ಜೆಗೂ ಬಾಗುತ್ತವೆ; ಕ್ರಮೇಣ ಕೊಂಡಿ ಮುರಿಯುತ್ತದೆ. ಹತ್ತು ಅಡಿ ಉದ್ದದಲ್ಲಿ ಸುಮಾರು 5 ಮಿ.ಮೀ.ಗಿಂತ ಹೆಚ್ಚು ಏರುತಗ್ಗು ಇರಕೂಡದೆಂಬುದು ತಯಾರಕರ ಸಾಮಾನ್ಯ ನಿಬಂಧನೆ. ಮೂರನೆಯವರು ಉದ್ದನೆಯ ಅಲ್ಯೂಮಿನಿಯಂ ಪಟ್ಟಿಯಿಟ್ಟು ನೋಡಿ, ಪಡಸಾಲೆಯ 170 ಚದರಡಿಯಷ್ಟು ಭಾಗ ಸರಾಸರಿ 6 ಮಿ.ಮೀ. ತಗ್ಗಿದೆಯೆಂದು ಸೀಮೆಸುಣ್ಣದಿಂದ ಗುರುತು ಹಾಕಿದರು. ಸಮತಟ್ಟು ಮಾಡುವ ಪುಡಿ ಒಂದು ಚದರ ಮೀಟರಿಗೆ ಒಂದು ಮಿ.ಮೀ. ದಪ್ಪಕ್ಕೆ ಸುಮಾರು ಒಂದೂವರೆ ಕಿಲೋ ಹಿಡಿಯುತ್ತದೆ. 170 ಚದರಡಿಯೆಂದರೆ ಹೆಚ್ಚುಕಡಿಮೆ 16 ಚದರ ಮೀಟರ್. ಲೆಕ್ಕಕ್ಕೆ 25 ಕಿಲೋದ ಆರು ಚೀಲ. ಚೀಲಕ್ಕೆ ಕೂಲಿ ಸೇರಿ ರೂ. 1,400, ಬಳಸದ ಚೀಲಕ್ಕೆ ಹಣವಿಲ್ಲ. ಮೊದಲನೆಯವರ ಕಾಗದದಲ್ಲಿ ಇದೇ ಬಾಬತ್ತಿಗೆ ಇದ್ದುದು "ಅಗತ್ಯವಿದ್ದರೆ, ವಾಸ್ತವ ಖರ್ಚಿನಂತೆ" ಎಂಬ ಒಂದು ವಾಕ್ಯ. ದೂರವಾಣಿಯಲ್ಲಿ ಕೇಳಿದಾಗ ಚೀಲಕ್ಕೆ ರೂ. 1,900 ಎಂದರು. ದರವಿಲ್ಲದ ಬಾಬತ್ತಿಗೆ ಸಹಿ ಹಾಕುವುದೆಂದರೆ ತುಂಬದ ಚೆಕ್ಕಿಗೆ ಸಹಿ ಹಾಕಿದಂತೆಯೇ.

ತೇವದ ಪರೀಕ್ಷೆಯೂ ಇದೇ ವರ್ಗಕ್ಕೆ ಸೇರಿದ್ದು. ಮಂಗಳೂರಿನ ಕಡೆಯ ನನ್ನ ಕಕ್ಷಿದಾರರೊಬ್ಬರು ಕೆಳ ಅಂತಸ್ತಿನಲ್ಲಿ ಅಂಟಿನಿಂದ ಕೂರಿಸುವ ತೆಳು ವಿನೈಲ್ ಹಾಕಿಸಿದರು. ಮೊದಲನೆಯ ಮಳೆಗಾಲದಲ್ಲೇ ನೆಲದಿಂದ ಏರಿದ ತೇವಕ್ಕೆ ಅಂಟು ಮೆತ್ತಗಾಗಿ ಅಂಚುಗಳು ಎದ್ದವು. ಪೆಟ್ಟಿಗೆಯ ಮೇಲೆ ಹದಿನೈದು ವರ್ಷದ ಖಾತರಿ ಮುದ್ರಿತವಾಗಿತ್ತು. ತಯಾರಕರು, ಹಾಸುವ ಮುನ್ನ ತೇವ ಪರೀಕ್ಷಿಸಿದ ದಾಖಲೆ ಕೇಳಿದರು; ಇರಲಿಲ್ಲ. ಅಳವಡಿಸಿದವರು, ಮಾಲಿನ ದೋಷಕ್ಕೆ ತಾವು ಹೊಣೆಯಲ್ಲವೆಂದರು. ಇಬ್ಬರ ಮಾತೂ ಕಾಗದದ ಮೇಲೆ ಸರಿಯಾಗಿಯೇ ಇತ್ತು. ನಷ್ಟ ಮಾತ್ರ ನನ್ನ ಕಕ್ಷಿದಾರರದು. ಆದ್ದರಿಂದ ಮಾಲಿನ ಖಾತರಿ ಬೇರೆ, ಕೆಲಸದ ಖಾತರಿ ಬೇರೆ. ಕೊಟೇಷನ್ನಿನಲ್ಲಿ ಎರಡೂ ಬೇರೆಬೇರೆ ಸಾಲುಗಳಲ್ಲಿರಬೇಕು. ಸರಳ ಪರೀಕ್ಷೆಯನ್ನು ನಾವೇ ಮಾಡಬಹುದು: ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಹಚ್ಚಿ ನೆಲಕ್ಕೆ ಅಂಟಿಸಿ, ಕನಿಷ್ಠ 16 ಗಂಟೆ ಬಿಟ್ಟು ಎತ್ತಿದಾಗ ಅಡಿಯಲ್ಲಿ ಹನಿ ಕಟ್ಟಿದ್ದರೆ ತೇವವಿದೆಯೆಂದು ತಿಳಿಯಬೇಕು. ಹನಿ ಕಾಣದಿದ್ದ ಮಾತ್ರಕ್ಕೆ ತೇವವಿಲ್ಲವೆಂದು ಭಾವಿಸಲಾಗದು. ಖಾತರಿಗೆ ಬೇಕಾದುದು ಮಾಪಕದಿಂದ ಅಳೆದು ದಿನಾಂಕ ಸಹಿತ ಬರೆದ ದಾಖಲೆ.

ಸಣ್ಣ ಬಾಬತ್ತುಗಳೂ ಕೂಡುತ್ತಾ ಹೋಗುತ್ತವೆ. ಕೊಂಡಿ ಬಗೆಯ ಹಾಸು ಬಿಸಿಲಿಗೆ ಹಿಗ್ಗುವುದರಿಂದ ಗೋಡೆಯ ಸುತ್ತ 6ರಿಂದ 10 ಮಿ.ಮೀ. ಸಂದು ಬಿಡುತ್ತಾರೆ, ಆ ಸಂದನ್ನು ಮುಚ್ಚುವುದು ಸ್ಕರ್ಟಿಂಗ್. ಅದು ಅಲಂಕಾರವಲ್ಲ, ಕೆಲಸದ ಭಾಗವೇ. ನೆಲ ಎತ್ತರವಾದ ಮೇಲೆ ಬಾಗಿಲು ತೆರೆಯದಿದ್ದರೆ ಅಡಿಭಾಗ ಕೊಯ್ಯಬೇಕು. ಎರಡು ಬಗೆಯ ನೆಲ ಕೂಡುವಲ್ಲಿ ಹೊಸ್ತಿಲ ಪಟ್ಟಿ ಬೇಕು. ಕಬ್ಬಿಣದ ಬೀರುವನ್ನು ಯಾರು ಸರಿಸಬೇಕೆಂಬುದೂ ಬರೆದಿರಲಿ. ನಮ್ಮಲ್ಲಿ ಆ ದಿನ ನನ್ನ ಇಬ್ಬರು ಗುಮಾಸ್ತರು ಬರಬೇಕಾಯಿತು.

ಮೊದಲನೆಯವರು ಬಿಟ್ಟಿದ್ದ ಬಾಬತ್ತುಗಳಿಗೆ ಅವರಿಂದಲೇ ದರ ಕೇಳಿ ತುಂಬಿದೆ. ಸ್ಕರ್ಟಿಂಗ್ 98 ಅಡಿಗೆ ರೂ. 6,860, ಹೊಸ್ತಿಲ ಪಟ್ಟಿ ರೂ. 1,600, ಆರು ಚೀಲ ಪುಡಿಗೆ ರೂ. 11,400, ಎರಡು ಬಾಗಿಲಿಗೆ ರೂ. 1,000, ಒಟ್ಟು ರೂ. 20,860, ಶೇ. 18ರ ತೆರಿಗೆ ಸೇರಿ ರೂ. 24,615. ಅವರ ಮೊತ್ತ ರೂ. 79,131ಕ್ಕೆ ಏರಿತು. ಮೂವತ್ತು ಸಾವಿರದ ಅಂತರ ರೂ. 5,619ಕ್ಕೆ ಇಳಿಯಿತು, ಅದೂ 0.2 ಪದರದ ಮಾಲಿಗೆ.

ತೆರಿಗೆಯ ಬಗ್ಗೆ ಎರಡು ಮಾತು ಹೇಳದಿದ್ದರೆ ಓದುಗರು ನನ್ನನ್ನು ಕ್ಷಮಿಸಲಾರರು. ಕೊಟೇಷನ್ ಕೊಟ್ಟವರ ಹದಿನೈದು ಅಂಕಿ-ಅಕ್ಷರಗಳ ಜಿಎಸ್‌ಟಿ ಸಂಖ್ಯೆಯನ್ನು ಇಲಾಖೆಯ ಜಾಲತಾಣದಲ್ಲಿ ಹಾಕಿ ನೋಡಿ. ನೋಂದಣಿ ಜೀವಂತವಿದೆಯೇ, ಅವರು ರಾಜಿ ತೆರಿಗೆ ಯೋಜನೆಯಡಿ ಇದ್ದಾರೆಯೇ ಎಂಬುದು ತಿಳಿಯುತ್ತದೆ. ರಾಜಿ ಯೋಜನೆಯಲ್ಲಿರುವವರು ಗ್ರಾಹಕರಿಂದ ತೆರಿಗೆ ವಸೂಲು ಮಾಡುವಂತಿಲ್ಲ. ಅವರ ಕೊಟೇಷನ್ನಿನಲ್ಲಿ ಶೇ. 18 ಕಂಡರೆ ಅಲ್ಲೇ ನಿಲ್ಲಿಸಿ ಕೇಳಬೇಕು. "ಬಿಲ್ ಬೇಡವಾದರೆ ತೆರಿಗೆ ಉಳಿಯುತ್ತದೆ" ಎಂಬ ಸಲಹೆಯೂ ಬರುತ್ತದೆ. ಕಾನೂನಿನ ಮಾತು ಹಾಗಿರಲಿ, ಬಿಲ್ಲಿಲ್ಲದೆ ಖಾತರಿಯ ಹಕ್ಕು ಸಾಧಿಸುವುದು ಹೇಗೆ? ಇನ್ನೊಂದು, ಮನೆಯ ನೆಲದ ಬಿಲ್ಲನ್ನು ಅಂಗಡಿಯ ಹೆಸರಿಗೆ ಮಾಡಿಸಿ ಹೂಡುವಳಿ ತೆರಿಗೆ ಜಮೆ ಪಡೆಯುವ ಆಸೆ. ಸ್ವಂತ ಉಪಭೋಗಕ್ಕೆ ಬಳಸಿದ ಸರಕು-ಸೇವೆಗಳ ಜಮೆಯನ್ನು 2017ರ ಕೇಂದ್ರ ಜಿಎಸ್‌ಟಿ ಕಾಯಿದೆಯ 17(5)ನೇ ಕಲಂ ತಡೆಹಿಡಿದಿದೆ. ಬಿಲ್ಲಿನಲ್ಲಿ ಅಂಗಡಿಯ ವಿಳಾಸ, ಕೆಲಸ ನಡೆದದ್ದು ಮನೆಯಲ್ಲಿ. ಲೆಕ್ಕ ತಪಾಸಣೆಯಲ್ಲಿ ಇದು ಹೊರಬಿದ್ದರೆ ಜಮೆಯ ಜೊತೆಗೆ ಬಡ್ಡಿ, ದಂಡ.

ಕೆಲಸವನ್ನು ಮೂರನೆಯವರಿಗೇ ಕೊಟ್ಟೆ. ಮಾಲು ಮನೆಗೆ ಬಂದು ಪೆಟ್ಟಿಗೆಯ ಮೇಲಿನ ಪದರದ ದಪ್ಪ, ತಯಾರಿಕೆಯ ತಂಡದ ಸಂಖ್ಯೆ ಇವುಗಳನ್ನು ಕೊಟೇಷನ್ನಿನೊಡನೆ ತಾಳೆ ನೋಡಿದ ಮೇಲೆ ಅರ್ಧದಷ್ಟು ಹಣ, ಕೆಲಸ ಮುಗಿದಾಗ ಉಳಿದದ್ದು, ಅದರಲ್ಲಿ ರೂ. 8,000 ಮಾತ್ರ ಮಳೆಗಾಲ ಕಳೆದ ಮೇಲೆ ಎಂಬುದು ಒಪ್ಪಂದ. ಈ ಕೊನೆಯ ಷರತ್ತಿಗೆ ಅವರು ಮೊದಲು ಹಿಂಜರಿದರು. ಕೆಲಸದ ಖಾತರಿಯನ್ನು ಅವರೇ ಒಂದು ವರ್ಷವೆಂದು ಬರೆದುಕೊಟ್ಟಿದ್ದನ್ನು ತೋರಿಸಿದಾಗ ಒಪ್ಪಿದರು. ಪುಡಿ ಐದೇ ಚೀಲ ಸಾಕಾಯಿತು. ಆರನೆಯ ಚೀಲದ ರೂ. 1,400, ಅದರ ತೆರಿಗೆ ರೂ. 252 ಕಳೆದು ಬಿಲ್ಲು ಬಂದದ್ದು ರೂ. 83,098. ಅಕ್ಟೋಬರಿನಲ್ಲಿ ಬಂದು ನೋಡಿದಾಗ ಪಡಸಾಲೆಯ ಬಾಗಿಲ ಬಳಿ ಒಂದು ಪಟ್ಟಿಯ ಕೊಂಡಿ ಸಡಿಲವಾಗಿತ್ತು. ಉಳಿದಿದ್ದ ಪೆಟ್ಟಿಗೆಯಿಂದ ಬೇರೆ ಪಟ್ಟಿ ತೆಗೆದು ಕೂರಿಸಿ, ತಾಯಿಯವರ ಕೈಯಿಂದ ಚಹ ಕುಡಿದು, ಬಾಕಿ ಚೆಕ್ಕು ಪಡೆದುಕೊಂಡು ಹೋದರು.